ಕಳೆಗುಂದಿದವನ ಸಂಚಾರ

ಆಟವೆಂದರೆ ಗೆಲ್ಲುವುದಕ್ಕಾಗಿ ಆಡತಕ್ಕದ್ದು ಎಂಬುದು ಲೋಕರೂಢಿಯ ಮಾತು. ಪಗಡೆಯಾಗಲಿ, ಚದುರಂಗವಾಗಲಿ, ಊರ ಹೊರಗಿನ ಬಯಲಿನ ಚಿಣ್ಣಿದಾಂಡಾಗಲಿ, ಸೋಲು ಅವುಗಳ ಕೊನೆಯಲ್ಲಿ ಬಂದರೆ ಬರಬಹುದಾದ ಒಂದು ಫಲ. ಆಟದ ಉದ್ದಕ್ಕೂ ಜೊತೆಯಲ್ಲಿ ನಡೆದುಬರುವ ಸಂಗಾತಿಯಲ್ಲ. ಆದರೆ ಈಚಿನ ಕೆಲವು ವರ್ಷಗಳಿಂದ ಲೋಕದ ನಾನಾ ಮೂಲೆಗಳಲ್ಲಿ ಕೋಟ್ಯಂತರ ಜನ ಆಡಿರುವ ಆಟವೊಂದಿದೆ. ಅದರಲ್ಲಿ ಸೋಲು ನಿತ್ಯ, ಗೆಲವು ನೈಮಿತ್ತಿಕ.

ಆ ಆಟದ ಹೆಸರು ‘ಎಲ್ಡನ್ ರಿಂಗ್’. ಜಪಾನಿನ ಟೋಕಿಯೋ ನಗರದ ಫ್ರಮ್‌ಸಾಫ್ಟ್‌ವೇರ್ ಎಂಬ ಸಂಸ್ಥೆ ಇದನ್ನು ನಿರ್ಮಿಸಿತು. ಹಿಡೆಟಾಕಾ ಮಿಯಾಜಾಕಿ ಇದರ ನಿರ್ದೇಶಕರು. 2022ರ ಫೆಬ್ರವರಿ 25ರಂದು ಹೊರಬಂದ ಈ ಆಟದ ಪ್ರತಿಗಳು ಮುಂದಿನ ಮಾರ್ಚ್ ಮುಗಿಯುವಷ್ಟರಲ್ಲಿ 1 ಕೋಟಿ 30 ಲಕ್ಷಕ್ಕೂ ಮಿಕ್ಕಿ ಹೋದುವು. 2024ರ ಜೂನ್ ವೇಳೆಗೆ ಆ ಸಂಖ್ಯೆ ಎರಡೂವರೆ ಕೋಟಿಯನ್ನು ಮುಟ್ಟಿತು. ಸಾಹಿತ್ಯದ ಪುಟದಲ್ಲಿ ವಿಡಿಯೋ ಆಟದ ಮಾತೇಕೆ ಎಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ಕೊಂಚ ತಾಳಬೇಕು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಈ ಆಟದಲ್ಲಿ ಇನ್ನೂರು ಗಂಟೆಗಳಿಗೂ ಹೆಚ್ಚಾಗಿ ಅಲೆದಿದ್ದೇನೆ. ಅಲೆಯುವಾಗ ಮತ್ತೆ ಮತ್ತೆ ನನ್ನ ನೆನಪಿಗೆ ಬಂದದ್ದು ನಮ್ಮ ತರಗತಿಯ ಕೋಣೆ ಮತ್ತು ನಮ್ಮ ಓದು, ಇವೆರಡೇ.

ಮೊದಲು ಕಥೆ. ‘ಲ್ಯಾಂಡ್ಸ್ ಬಿಟ್ವೀನ್’ ಎಂಬುದು ನಾಡಿನ ಹೆಸರು. ನಡುವಣ ನಾಡು ಎನ್ನೋಣ. ಅದರಲ್ಲಿ ಮುಗಿಲನ್ನು ಮುಟ್ಟಿ ನಿಂತಿರುವ ಒಂದು ಹೊನ್ನಿನ ಮರ. ಲೋಕದ ಕಟ್ಟಳೆಯನ್ನೆಲ್ಲ ಹಿಡಿದಿಟ್ಟಿದ್ದ ಎಲ್ಡನ್ ಉಂಗುರ ಒಡೆದು ಚೂರಾಗಿದೆ. ರಾಣಿ ಮಾರಿಕಾಳ ಸಂತತಿಯವರಾದ ಅರೆದೇವತೆಗಳು ಆ ಚೂರುಗಳನ್ನು ಹಂಚಿಕೊಂಡು, ಅವುಗಳ ಬಲದಿಂದ ಮದಿಸಿ, ತಮ್ಮತಮ್ಮಲ್ಲಿ ಕಾದಾಡಿ, ಯಾರೊಬ್ಬರೂ ಗೆಲ್ಲದೆ ನಾಡನ್ನು ಹಾಳುಗೆಡವಿದ್ದಾರೆ. ಹಿಂದೊಮ್ಮೆ ಕೃಪೆಯನ್ನು ಕಳೆದುಕೊಂಡು ಹೊರದೂಡಲ್ಪಟ್ಟವರಿಗೆ ಈಗ ಮರಳಿ ಕರೆ ಬಂದಿದೆ. ಅವರನ್ನು ‘ಟಾರ್ನಿಷ್ಡ್’, ಎಂದರೆ ಕಳೆಗುಂದಿದವರು, ಎನ್ನುತ್ತಾರೆ. ಆಡುವವನು ಅಂಥವರಲ್ಲಿ ಒಬ್ಬ. ಈ ನಾಡಿನ ಪುರಾಣವನ್ನು ಬರೆದುಕೊಟ್ಟವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್, ಪುರಾಣ ಮುರಿದುಬಿದ್ದ ಅನಂತರದ ಕಥೆ ಮಿಯಾಜಾಕಿ ಮತ್ತು ಅವರ ಸಂಗಡಿಗರದು. ದಾಯಾದಿಗಳ ಕಲಹದಲ್ಲಿ ನಾಡು ಬಯಲಾಗುವ ಕಥೆ ನಮ್ಮವರಿಗೇನೂ ಹೊಸದಲ್ಲ. ಆದರೆ ಇಲ್ಲಿ ಯುದ್ಧ ಮುಗಿದು ಬಹುಕಾಲ ಕಳೆದಿದೆ. ನಾವು ಕಾಲಿಡುವುದು ಹದ್ದುಗಳೂ ಹಾರಿಹೋದ ರಣಭೂಮಿಗೆ.

ಆಟದ ಮೊದಲ ಬಾಗಿಲನ್ನು ದಾಟುತ್ತಲೇ, ಹಲವರ ಕೈಗಳನ್ನು ಒಂದೇ ಮೈಗೆ ಕೂಡಿಸಿದಂಥ ವಿಕಾರ ಮೂರ್ತಿಯೊಂದು ಎರಗುತ್ತದೆ. ಹೊಸಬ ಅಲ್ಲಿ ಸಾಯುತ್ತಾನೆ. ಸಾಯಲೆಂದೇ ಅದನ್ನು ಅಲ್ಲಿ ಇರಿಸಿದ್ದಾರೆ. ಮತ್ತೆ ಕಣ್ಣು ತೆರೆದು, ಕತ್ತಲೆಯ ಸುರಂಗವನ್ನು ಕಳೆದು ಹೊರಗೆ ಬಂದರೆ ಲಿಮ್‌ಗ್ರೇವ್ ಎಂಬ ಹಸುರು ಬಯಲು, ಗಾಳಿಗೆ ಬಾಗುವ ಹುಲ್ಲು, ದೂರದಲ್ಲಿ ಹೊನ್ನಿನ ಮರ. ದಾರಿಯ ನಡುವೆ ಹೊನ್ನಿನ ಕವಚ ತೊಟ್ಟ ರಾವುತನೊಬ್ಬ ಮೆಲ್ಲನೆ ಗಸ್ತು ತಿರುಗುತ್ತಿದ್ದಾನೆ. ವೀರಾವೇಶದಿಂದ ಅವನ ಮೇಲೆ ನುಗ್ಗಿದವನು ಎರಡು ಹೊಡೆತಕ್ಕೆ ನೆಲ ಕಚ್ಚುತ್ತಾನೆ. ದಾರಿ ಬಿಟ್ಟು ಮರೆಯಲ್ಲಿ ಬಳಸಿಕೊಂಡು ಹೋದವನಿಗೆ ಯಾರ ಅಡ್ಡಿಯೂ ಇಲ್ಲ. ಆಟ ಹೇಳಿಕೊಡುವ ಮೊದಲನೆಯ ಪಾಠ ಕತ್ತಿವರಸೆಯಲ್ಲ, ವಿವೇಕ. ಇಂದು ಗೆಲ್ಲಲಾಗದವನನ್ನು ಬಿಟ್ಟು ಬೇರೆ ದಿಕ್ಕಿಗೆ ನಡೆಯಬಹುದು. ಬಲಿತ ಮೇಲೆ ಮರಳಿ ಬರಬಹುದು. ರಾವುತನು ಎಲ್ಲಿಗೂ ಹೋಗುವುದಿಲ್ಲ.

ಇನ್ನು ಕಾಳಗದ ಬಗೆ. ಇಲ್ಲಿ ಕತ್ತಿ ಬೀಸಿದರೂ, ಗುರಾಣಿ ಒಡ್ಡಿದರೂ, ಉರುಳಿ ತಪ್ಪಿಸಿಕೊಂಡರೂ ದಮ್ಮು ಖರ್ಚಾಗುತ್ತದೆ. ದಮ್ಮು ಕಟ್ಟಿದವನು ನಿಂತಲ್ಲೇ ಏಟು ತಿನ್ನಬೇಕು. ಉರುಳುವಾಗಿನ ಒಂದು ಕಣ್ಣೆವೆಯಷ್ಟು ಹೊತ್ತು ಮಾತ್ರ ಯಾವ ಆಯುಧವೂ ತಾಗುವುದಿಲ್ಲ. ಕಲೆಯೆಲ್ಲ ಆ ಎವೆಯನ್ನು ವೈರಿಯ ಹೊಡೆತಕ್ಕೆ ಸರಿಯಾಗಿ ಹೊಂದಿಸುವುದರಲ್ಲಿದೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಎಂಬ ಕೋಡುಳ್ಳ ಮುದುಕ ನಿಂತಿದ್ದಾನೆ. ಹೊಸ ಆಟಗಾರರ ಗರ್ವವನ್ನು ಮುರಿಯುವ ಕೆಲಸ ಇವನದು. ಅವನು ಕೋಲನ್ನು ಮೇಲೆತ್ತುತ್ತಾನೆ; ನಾವು ಬೆದರಿ ಉರುಳುತ್ತೇವೆ; ಕೋಲು ಇನ್ನೂ ಮೇಲೆಯೇ ಇರುತ್ತದೆ. ಉರುಳಿ ಎದ್ದ ಮರುಕ್ಷಣ ಅದು ಇಳಿಯುತ್ತದೆ. ಗಾಯಕ್ಕೆ ಮದ್ದಿನ ಕುಪ್ಪಿಯನ್ನು ಬಾಯಿಗಿಟ್ಟರೆ ಅದೇ ಹೊತ್ತನ್ನು ನೋಡಿ ಹೊಳೆವ ಬಾಕುವನ್ನು ಎಸೆಯುತ್ತಾನೆ. ಅವನು ನಮ್ಮ ಮೈಯನ್ನು ಹೊಡೆಯುವುದಕ್ಕೆ ಮೊದಲು ನಮ್ಮ ಅಂಜಿಕೆಯನ್ನು ಹೊಡೆಯುತ್ತಾನೆ.

ಈ ಆಟವನ್ನು ನನಗೆ ಕಲಿಸಿದವನು ನಮ್ಮ ಎದುರುಮನೆಯ ಹುಡುಗ. ಎರಡನೆಯ ಪಿ.ಯು.ಸಿ.ಯಲ್ಲಿ ಎರಡು ವಿಷಯಗಳಲ್ಲಿ ನಪಾಸಾಗಿ ಹೊಸ್ತಿಲು ದಾಟದೆ ಕುಳಿತಿದ್ದ. ಹುಡುಗ ಯಂತ್ರದ ಮುಂದೆ ಕುಳಿತು ಹಾಳಾದನೆಂದು ಬೀದಿಯವರ ಮರುಕ. ಅವನ ತಾಯಿ ಬಂದು, “ಮೇಷ್ಟ್ರೇ, ನೀವಾದರೂ ಒಂದು ಮಾತು ಹೇಳಿ” ಎಂದರು. ಹೇಳಲು ಹೋದ ನಾನು ಅವನ ಪಕ್ಕದಲ್ಲಿ ಕುಳಿತೆ. ಮಾರ್ಗಿಟ್ ನನ್ನನ್ನು ಹತ್ತು ಬಾರಿ ಕೆಡವಿದ ಮೇಲೆ ಹುಡುಗ ಮೆಲ್ಲನೆ, “ಸಾರ್, ಕೋಲನ್ನ ನೋಡಬೇಡಿ, ಅವನ ಭುಜ ನೋಡಿ” ಎಂದ. ನೋಡಿದೆ. ಕೋಲು ಸುಳ್ಳು ಹೇಳುತ್ತದೆ, ಭುಜ ಹೇಳುವುದಿಲ್ಲ. ಮೊದಲು ಮಿಂಚಿನಂತೆ ಕಂಡದ್ದು ಕ್ರಮೇಣ ಒಂದು ತಾಳವಾಗಿ ಕೇಳತೊಡಗಿತು. ವೈರಿಯ ವೇಗವೇನೂ ತಗ್ಗಿರಲಿಲ್ಲ. ನನ್ನ ನೋಟ ನಿಧಾನವಾಗಿದ್ದಿತು, ಅಷ್ಟೆ. ಗರಡಿಯ ಕೆಮ್ಮಣ್ಣಿನಲ್ಲಿ ಬಿದ್ದೆದ್ದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತರೆ ದಂಡವುಂಟು. ಅದುವರೆಗೆ ಗಳಿಸಿದ ರೂನುಗಳೆಲ್ಲ (ಈ ನಾಡಿನ ಹಣವೂ ಅದೇ, ಬಲವನ್ನು ಬೆಳೆಸಿಕೊಳ್ಳುವ ಸಾಧನವೂ ಅದೇ) ಸತ್ತ ಜಾಗದಲ್ಲಿ ಬಿದ್ದಿರುತ್ತವೆ. ನಾವು ಏಳುವುದು ಹಿಂದಿನ ಕೃಪೆಯ ನೆಲೆಯಲ್ಲಿ, ಬರಿಗೈಯಲ್ಲಿ. ಮರಳಿ ಅಲ್ಲಿಗೆ ಹೋಗಿ ಎತ್ತಿಕೊಂಡರೆ ಎಲ್ಲವೂ ಸಿಕ್ಕಿತು. ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹೋದದ್ದು ಹೋಯಿತು. ಇದು ಕಠಿಣ, ಆದರೆ ಅನ್ಯಾಯವಲ್ಲ. ನಷ್ಟವಾಗುವುದು ಗಳಿಕೆ ಮಾತ್ರ. ಕಲಿಕೆಯನ್ನು ಯಾರೂ ಕಸಿಯುವುದಿಲ್ಲ. ನಮ್ಮ ಶಾಲೆ ಕಾಲೇಜುಗಳಲ್ಲಿ ಸೋಲೆಂಬುದು ಒಂದು ತೀರ್ಪು. ಮರುಪರೀಕ್ಷೆಯೇನೋ ಉಂಟು, ನಾಚಿಕೆಗೆ ಮಾತ್ರ ಮರುಪರೀಕ್ಷೆಯಿಲ್ಲ. ಅಂಕಪಟ್ಟಿ ನೀನು ಬಿದ್ದೆ ಎನ್ನುತ್ತದೆಯೇ ಹೊರತು ಎಲ್ಲಿ ಕಾಲು ತಪ್ಪಿತೆಂದು ಹೇಳುವುದಿಲ್ಲ. ಮಾರ್ಗಿಟ್ ಹೇಳುತ್ತಾನೆ, ಪ್ರತಿ ಸಾರಿಯೂ, ಅದೇ ಗಳಿಗೆಯಲ್ಲಿ, ಬೇಸರವಿಲ್ಲದೆ. ಎದುರುಮನೆಯ ಹುಡುಗ ಮುಂದಿನ ಸಾರಿ ಪರೀಕ್ಷೆ ಬರೆದು ತೇರ್ಗಡೆಯಾದ. ಆಟದಿಂದಾಗಿ ತೇರ್ಗಡೆಯಾದನೆಂದು ನಾನು ಹೇಳಲಾರೆ. ತಾವು ಹೊತ್ತ ಹರಕೆಯಿಂದ ಎಂದು ಅವನ ತಾಯಿ ಹೇಳುತ್ತಾರೆ. ಆದರೆ ಬಿದ್ದವನು ಏಳುವುದನ್ನು ದಿನಕ್ಕೆ ಮೂವತ್ತು ಸಲ ಅವನು ಅಭ್ಯಾಸ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಕಾಠಿಣ್ಯಕ್ಕೆ ಆಕ್ಷೇಪಣೆಗಳಿವೆ, ಅವು ಹುಸಿಯಲ್ಲ. ಬೇರೆ ಎಷ್ಟೋ ಆಟಗಳಲ್ಲಿರುವಂತೆ ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆ ಇಲ್ಲಿಲ್ಲ. ದೂರದಿಂದ ಮಂತ್ರ ಪ್ರಯೋಗಿಸಬಹುದು, ಮಡಿದವರ ಬೂದಿಯಿಂದ ಅವರ ಆತ್ಮಗಳನ್ನು ನೆರವಿಗೆ ಕರೆಯಬಹುದು, ಬೇರೆ ಕಡೆ ಸುತ್ತಿ ಬಲವನ್ನು ಹೆಚ್ಚಿಸಿಕೊಳ್ಳಬಹುದು. ಸೌಮ್ಯದಾರಿಗಳು ಹೀಗೆ ಹಲವು. ಆದರೂ ಬೆರಳು ನಡುಗುವವರಿಗೆ, ಕಣ್ಣು ಮಂದವಾದವರಿಗೆ ಬಾಗಿಲು ಅರ್ಧ ಮುಚ್ಚಿಯೇ ಇದೆ. ಮೇಲಾಗಿ ಇದು ಬೇಡುವ ಕಾಲ ಸಣ್ಣದಲ್ಲ. ನೂರು ಗಂಟೆಗಳಲ್ಲಿ ಒಂದು ಮಹಾಕಾವ್ಯವನ್ನು ಸಾವಧಾನವಾಗಿ ಎರಡು ಸಲ ಓದಬಹುದು. ಇದನ್ನು ಮರೆಮಾಚಿ ಆಟವನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ.

ಆದರೆ ಓದಿನ ಮಾತು ಬಂದುದರಿಂದಲೇ ಇನ್ನೊಂದು ಸಂಗತಿಯನ್ನು ಹೇಳಬೇಕು. ಬಡತನದಲ್ಲಿ ಬೆಳೆದ ಮಿಯಾಜಾಕಿ ಬಾಲ್ಯದಲ್ಲಿ ಗ್ರಂಥಾಲಯದಿಂದ ತನ್ನ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ತಂದು ಓದುತ್ತಿದ್ದರಂತೆ. ಅರ್ಥವಾಗದ ಭಾಗಗಳನ್ನು ಚಿತ್ರಗಳ ಆಸರೆಯಿಂದ, ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಅವರ ಆಟದ ಗುಟ್ಟು ಇದರಲ್ಲಿದೆ. ಎಲ್ಡನ್ ರಿಂಗ್ ತನ್ನ ಕಥೆಯನ್ನು ನೇರವಾಗಿ ಹೇಳುವುದಿಲ್ಲ. ಒಂದು ಉಂಗುರದ ಕೆಳಗೆ ಎರಡು ಸಾಲಿನ ವಿವರಣೆ, ಒಂದು ಪಾಳುಗುಡಿಯ ಶಿಲ್ಪ, ಒಬ್ಬ ಮುದುಕಿಯ ಅರೆಬರೆ ಮಾತು. ಇವನ್ನು ಪೋಣಿಸಿಕೊಳ್ಳುವ ಭಾರ ನಮ್ಮದು. ಚಿಕ್ಕಂದಿನಲ್ಲಿ ನಮ್ಮೂರ ಚಾವಡಿಯಲ್ಲಿ ಗದುಗಿನ ಭಾರತವನ್ನು ಕೇಳುತ್ತಿದ್ದಾಗ ನನಗೆ ಹತ್ತರಲ್ಲಿ ಮೂರು ಪದಗಳು ತಿಳಿಯುತ್ತಿದ್ದುವೋ ಇಲ್ಲವೋ. ಉಳಿದ ಏಳರ ಜಾಗದಲ್ಲಿ ನನ್ನದೇ ಒಂದು ಕುರುಕ್ಷೇತ್ರ ಎದ್ದು ನಿಂತಿತ್ತು. ಅರ್ಥವೆಲ್ಲ ತಿಳಿದ ಮೇಲೆ ನಾನು ಪಂಡಿತನಾದೆನೋ ಏನೋ. ಆ ಕುರುಕ್ಷೇತ್ರ ಮಾತ್ರ ಮತ್ತೆ ಅಷ್ಟು ವಿಶಾಲವಾಗಿ ಕಾಣಲಿಲ್ಲ. ಎಲ್ಲವನ್ನೂ ಟಿಪ್ಪಣಿಯಲ್ಲಿ ಬಿಡಿಸಿಟ್ಟು ಪಾಠ ಹೇಳುವ ನಾವು ಅಧ್ಯಾಪಕರು ಯೋಚಿಸತಕ್ಕ ವಿಷಯವಿದು.

ಈ ವೈಶಾಲ್ಯವನ್ನು ನಾಡಿನ ರಚನೆಯಲ್ಲೇ ಕಾಣಬಹುದು. ಲಿಮ್‌ಗ್ರೇವಿನ ಪೂರ್ವದ ಕಾಡಿನಲ್ಲಿ ಒಂದು ಹಳೆಯ ಕಲ್ಲುಮಂಟಪ. ಒಳಗೆ ಕೆಳಗಿಳಿಯುವ ಕಟ್ಟೆ. ತುಳಿದರೆ ಅದು ಇಳಿಯತೊಡಗುತ್ತದೆ. ಇಳಿಯುತ್ತದೆ, ಇನ್ನೂ ಇಳಿಯುತ್ತದೆ. ಎಲ್ಲಿಯೋ ತಪ್ಪಿದೆ ಎನ್ನಿಸುವಷ್ಟು ಹೊತ್ತು. ಆಮೇಲೆ ಗೋಡೆ ಸರಿದು, ಪಾತಾಳದಲ್ಲಿ ಒಂದು ಇರುಳಿನ ಆಕಾಶ! ಗವಿಯ ಮಾಳಿಗೆಯ ತುಂಬ ನಕ್ಷತ್ರಗಳು, ಕೆಳಗೆ ಸಿಯೋಫ್ರಾ ಎಂಬ ನದಿ, ದಡದಲ್ಲಿ ಹೆಸರು ಮರೆತುಹೋದ ಜನರ ಕಂಬಸಾಲು. ಅಲ್ಲಿಗೆ ಹೋಗೆಂದು ಯಾರೂ ಹೇಳಿರಲಿಲ್ಲ. ಹೋಗದೆಯೂ ಆಟವನ್ನು ಮುಗಿಸಬಹುದಾಗಿತ್ತು. ಅಗತ್ಯವಿಲ್ಲದ ಕಡೆ ಇಷ್ಟು ಸೌಂದರ್ಯವನ್ನು ಹೂತಿಟ್ಟವರ ಔದಾರ್ಯಕ್ಕೆ ನಾನು ಬೆರಗಾದೆ.

ಸಹಚರರೂ ಉಂಟು. ಅಲೆಕ್ಸಾಂಡರ್ ಎಂಬ ದೊಡ್ಡ ಮಡಕೆ, ಕೈಕಾಲುಳ್ಳ ವೀರ ಮಡಕೆ, ಹಳ್ಳದಲ್ಲಿ ಸಿಕ್ಕಿಕೊಂಡು ಕೂಗುತ್ತಿರುತ್ತಾನೆ. ಹಿಂದಿನಿಂದ ನಾಲ್ಕು ಏಟು ಬಿಗಿದು ಅವನನ್ನು ಹೊರಡಿಸಬೇಕು. ಅದಕ್ಕವನು ಮನಸಾರೆ ಕೃತಜ್ಞ. ಮಡಿದ ಯೋಧರ ಅವಶೇಷಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಮಹಾವೀರನಾಗಬೇಕೆಂಬುದು ಅವನ ಹಂಬಲ. ಯುದ್ಧದಲ್ಲಿ ಬಿರುಕು ಬಿಡುತ್ತಾನೆ, ಬೆಂಕಿಯ ಕುಂಡದಲ್ಲಿ ಮಿಂದು ಗಟ್ಟಿಯಾಗಲೆಳಸುತ್ತಾನೆ. ಕೊನೆಗೆ ನಮ್ಮನ್ನೇ ದ್ವಂದ್ವಕ್ಕೆ ಕರೆದು, ಸೋತು, ಸಂತೋಷದಿಂದ ಒಡೆದುಹೋಗುತ್ತಾನೆ. ಮಣ್ಣಿನ ಮಡಕೆಯೊಂದು ನನ್ನ ಗಂಟಲನ್ನು ಬಿಗಿಯಿತೆಂದರೆ ನಗುವವರು ನಗಲಿ.

ಆಟದ ಅತಿಕಠಿಣ ವೈರಿ ಮಲೇನಿಯಾ. ತಾನು ಕೊಟ್ಟ ಪ್ರತಿ ಪೆಟ್ಟಿನಿಂದಲೂ ತನ್ನ ಗಾಯವನ್ನೇ ಮಾಯಿಸಿಕೊಳ್ಳುವವಳು. 2022ರಲ್ಲಿ ಒಬ್ಬ ಅಜ್ಞಾತ ಆಟಗಾರ, ತಲೆಗೊಂದು ಮಡಕೆ, ಸೊಂಟಕ್ಕೊಂದು ತುಂಡು, ಕೈಯಲ್ಲಿ ಎರಡು ಕತ್ತಿ, ಇಷ್ಟೇ ಪರಿಕರದಿಂದ, ಕರೆದವರೆಲ್ಲರ ಲೋಕಕ್ಕೂ ಬಂದು ಅವರ ಪರವಾಗಿ ಒಬ್ಬನೇ ಅವಳೊಡನೆ ಕಾದಿ ಸಾವಿರ ಸಲ ಗೆದ್ದುಕೊಟ್ಟು ಜಗತ್ಪ್ರಸಿದ್ಧನಾದ. ನಾನು ಅವನನ್ನು ಕರೆಯಲಿಲ್ಲ. ಅರುವತ್ತರವರೆಗೆ ಸೋಲುಗಳನ್ನು ಎಣಿಸಿ, ಆಮೇಲೆ ಎಣಿಸುವುದನ್ನು ಬಿಟ್ಟು, ಒಂದು ಭಾನುವಾರ ಸಂಜೆ ಗೆದ್ದೆ. ಬಿಳಿಯ ಹೂಗಳ ನಡುವೆ ಅವಳಿದ್ದ ಕಡೆ ಒಂದು ಕೆಂಪು ಮೊಗ್ಗು ಉಳಿಯಿತು. ಹರ್ಷಕ್ಕಿಂತ ಹೆಚ್ಚಾಗಿ ಆಗಿದ್ದುದು ಒಂದು ಬಗೆಯ ಬಿಕೋ ಎನ್ನುವ ಭಾವ; ಅಷ್ಟು ಕೂಲಂಕಷವಾಗಿ ನಾನು ಇನ್ನಾರನ್ನೂ ಗಮನಿಸಿರಲಿಲ್ಲ.

ಈ ನಾಡಿನಲ್ಲಿ ಆಟಗಾರರು ನೆಲದ ಮೇಲೆ ಒಬ್ಬರಿಗೊಬ್ಬರು ಸಂದೇಶಗಳನ್ನು ಬಿಟ್ಟುಹೋಗಬಹುದು. ನಮ್ಮ ಮಾತುಗಳಲ್ಲಲ್ಲ; ಆಟವೇ ಕೊಟ್ಟಿರುವ ಕೆಲವೇ ಪದಗಳನ್ನು ಜೋಡಿಸಿ. ಕೆಲವರು ಕೊರಕಲಿನ ಅಂಚಿನಲ್ಲಿ ‘ಹಾರು’ ಎಂದು ಬರೆದು ತಮಾಷೆ ನೋಡುವುದೂ ಉಂಟು. ನಾನು ಕಣಕ್ಕೆ ಹೋಗುವ ದಾರಿಯಲ್ಲಿ ಮುಂದೆ ಬಲವಾದ ವೈರಿಯುಂಟು, ಆದರೂ ಕೈಬಿಡಬೇಡ ಎಂಬ ಅರ್ಥ ಬರುವಂತೆ ಒಂದನ್ನು ಬರೆದಿಟ್ಟು ಮುಂದೆ ನಡೆದೆ. ಆಟದ ಕಟ್ಟಳೆಯೊಂದಿದೆ: ಒಬ್ಬರ ಸಂದೇಶವನ್ನು ಇನ್ನೊಬ್ಬರು ಮೆಚ್ಚಿದರೆ ಬರೆದವರ ಗಾಯ ಆ ಕ್ಷಣವೇ ಮಾಯುತ್ತದೆ. ಕೆಲವು ದಿನಗಳ ಮೇಲೆ ಬೇರೊಂದು ಗವಿಯಲ್ಲಿ, ಕುಪ್ಪಿಗಳೆಲ್ಲ ಬರಿದಾಗಿ, ಇನ್ನೊಂದು ಏಟಿಗೆ ಸಾಯುವ ಸ್ಥಿತಿಯಲ್ಲಿ ಗೋಡೆಗೊರಗಿ ಹೋರಾಡುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಜೀವದ ಪಟ್ಟಿ ತುಂಬಿಕೊಂಡಿತು. ಲೋಕದ ಯಾವುದೋ ಊರಿನಲ್ಲಿ, ಯಾರೋ, ಮಲೇನಿಯಾಳ ಬಳಿಗೆ ಹೋಗುವ ಮುನ್ನ ನನ್ನ ಸಾಲನ್ನು ಓದಿದ್ದರು.