ಹಳೆಯ ಒಗೆಯುವ ಯಂತ್ರಗಳು, ಅವುಗಳ ರಸಿಕರು

ಅಂಚೆಚೀಟಿ ಕೂಡಿಸುವವರನ್ನು ನೀವು ಬಲ್ಲಿರಿ. ಹಳೆಯ ನಾಣ್ಯಗಳನ್ನು ಹುಡುಕಿಕೊಂಡು ಊರೂರು ಅಲೆಯುವವರನ್ನೂ ಬಲ್ಲಿರಿ. ಅಜ್ಜನ ಕಾಲದ ವಾಲ್ವ್ ರೇಡಿಯೋವನ್ನು ಒರೆಸಿಟ್ಟು, ಅದರ ಹಸಿರು ಕಣ್ಣು ಮಿನುಗುವುದನ್ನು ಕಂಡು ಹಿಗ್ಗುವವರು ಈ ಪತ್ರಿಕೆಯ ಓದುಗರಲ್ಲಿಯೇ ಇದ್ದಾರು. ಆದರೆ ಬಟ್ಟೆ ಒಗೆಯುವ ಹಳೆಯ ಯಂತ್ರಗಳನ್ನು ಕೂಡಿಸಿ, ರಿಪೇರಿ ಮಾಡಿ, ಅವು ಬಟ್ಟೆ ಹಿಂಡುವ ಸದ್ದನ್ನು ಕಚೇರಿಗೆ ಕುಳಿತಂತೆ ಕುಳಿತು ಕೇಳುವವರೂ ಇದ್ದಾರೆಂದರೆ ನಂಬುವಿರಾ?

ಇದ್ದಾರೆ. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂಥ ರಸಿಕರು ಸಾಕಷ್ಟು ಮಂದಿ. ಅವರು ಒಬ್ಬರ ಮನೆಯಲ್ಲಿ ಒಬ್ಬರು ಕೂಡುತ್ತಾರೆ. ಐವತ್ತು ಅರವತ್ತು ವರ್ಷ ಹಳೆಯ ಯಂತ್ರಕ್ಕೆ ಬಟ್ಟೆ ತುಂಬಿ, ನೀರು ಬಿಟ್ಟು, ಸುತ್ತ ನಿಂತು ನೋಡುತ್ತಾರೆ. ಮುಂಜಾನೆ ಆಕಾಶವಾಣಿಯ ಸಂಕೇತಧ್ವನಿ ಒಂದೇ ಎಳೆ ಕೇಳಿದೊಡನೆ ಇದು ಇಂಥದೆಂದು ನೀವು ಹೇಳುವಂತೆ, ಪಕ್ಕದ ಕೋಣೆಯಿಂದ ಸದ್ದು ಕೇಳಿಯೇ ಯಂತ್ರದ ಹೆಸರನ್ನು ಅವರು ಹೇಳಬಲ್ಲರು. ಇದೇನು ಮರುಳು ಎಂದು ಮೊದಲು ನನಗೂ ನಗು ಬಂದಿತು. ಸ್ವಲ್ಪ ತಿಳಿದುಕೊಂಡ ಮೇಲೆ ನಗು ನಿಂತಿತು. ಏಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಾನು ಕನ್ನಡ ಕಲಿಸುವ ಮೇಷ್ಟ್ರು. ಆದುದರಿಂದ ಮಾತಿನ ಕಡೆಯಿಂದಲೇ ವಿಷಯದೊಳಕ್ಕೆ ಹೋಗುತ್ತೇನೆ. ‘ಬಟ್ಟೆ ಒಗೆಯುವುದು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಕೆಲಸದೊಳಗೆ ಎಷ್ಟು ಕ್ರಿಯಾಪದಗಳಿವೆ, ಎಣಿಸಿ ನೋಡಿ: ನೆನೆಹಾಕು, ಸೋಪು ಹಚ್ಚು, ಉಜ್ಜು, ಕುಕ್ಕು, ಜಾಲಿಸು, ಹಿಂಡು, ಕೊಡವು, ಹರವು. ಇವುಗಳಲ್ಲಿ ಅತಿ ಕಠಿಣವಾದುದು ಯಾವುದು? ನಿಮ್ಮ ಮನೆಯ ಹೆಂಗಸರನ್ನು ಕೇಳಿ. ‘ಹಿಂಡು’ ಎಂದೇ ಹೇಳಿಯಾರು. ಉಳಿದ ಕೆಲಸಗಳಲ್ಲಿ ತೋಳಿಗೆ ನೀರಿನ, ಕಲ್ಲಿನ ಸಹಾಯವುಂಟು. ಹಿಂಡುವಾಗ ಮಣಿಕಟ್ಟು ಒಂಟಿ.

ನನ್ನ ಬಾಲ್ಯದಲ್ಲಿ ಹೊದಿಕೆ ಒಗೆಯುವ ದಿನ ನಮ್ಮ ತಾಯಿ ನನ್ನನ್ನು ಆಟದಿಂದ ಕೂಗಿ ಕರೆಯುತ್ತಿದ್ದರು. ನೀರು ಕುಡಿದ ಹೊದಿಕೆಯ ಒಂದು ತುದಿ ನನ್ನ ಕೈಗೆ. “ಗಟ್ಟಿಯಾಗಿ ಹಿಡಿಯೋ, ಬಿಟ್ಟೀಯೆ!” ಎನ್ನುತ್ತ ಅವರು ಇನ್ನೊಂದು ತುದಿಯನ್ನು ಹುರಿಮಾಡುತ್ತ ಹೋಗುವರು. ನನ್ನ ಕೈ ಸೋತು ತುದಿ ಜಾರಿ ನೆಲಕ್ಕೆ ಬಿದ್ದರೆ ಮತ್ತೆ ಜಾಲಿಸುವುದರಿಂದ ಮೊದಲು. ಅಷ್ಟು ಹಿಂಡಿದರೂ ಹಗ್ಗದ ಮೇಲೆ ಹಾಕಿದ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು.

ಪಶ್ಚಿಮದ ಗೃಹಿಣಿಯರ ಪಾಡೂ ಹಿಂದೆ ಇದೇ ಆಗಿತ್ತು. ಅಲ್ಲಿ ಸೋಮವಾರ ಒಗೆಯುವ ದಿನವೆಂಬ ರೂಢಿ. ಆ ಒಂದು ದಿನವೆಲ್ಲ ಅದಕ್ಕೇ ಮೀಸಲು. ಯಂತ್ರ ಬಂದಾಗ ಮೊದಲು ಕೈಗೆ ಬಿಡುವು ಕೊಟ್ಟದ್ದು ಉಜ್ಜುವ, ಕುಕ್ಕುವ ಕೆಲಸಕ್ಕೆ. ಅಮೆರಿಕದ ಅಯೋವಾ ಪ್ರಾಂತದ ನ್ಯೂಟನ್ ಎಂಬ ಊರಿನ ಮೇಟ್ಯಾಗ್ ಕಂಪನಿಯವರು ೧೯೨೨ರಲ್ಲಿ ಒಂದು ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದರ ಪಾತ್ರೆಯ ತಳದಲ್ಲಿ ರೆಕ್ಕೆಗಳುಳ್ಳ ಒಂದು ಕಂಬ. ಅದು ಅರ್ಧ ಸುತ್ತು ಆಚೆಗೆ, ಅರ್ಧ ಸುತ್ತು ಈಚೆಗೆ ತಿರುಗುತ್ತಿರುತ್ತದೆ. ನಮ್ಮವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಹಗ್ಗ ಸುತ್ತಿ ಎಳೆಯುವ ಕಡಗೋಲು ಮಾಡುವುದೂ ಇದನ್ನೇ. ಕಡಗೋಲು ಬೆಣ್ಣೆಯನ್ನು ಬಿಡಿಸುತ್ತದೆ, ಇದು ಕೊಳೆಯನ್ನು ಬಿಡಿಸುತ್ತದೆ, ಅಷ್ಟೇ ವ್ಯತ್ಯಾಸ.

ಹಿಂಡುವುದಕ್ಕೆ ಮಾತ್ರ ಆ ಯಂತ್ರದ ತಲೆಯ ಮೇಲೆ ರಬ್ಬರಿನ ಎರಡು ಉರುಳೆಗಳಿದ್ದವು. ಕಬ್ಬಿನ ಗಾಣಕ್ಕೆ ಜಲ್ಲೆ ಕೊಡುವಂತೆ ಒದ್ದೆ ಬಟ್ಟೆಯನ್ನು ಅವುಗಳ ನಡುವೆ ಒಂದೊಂದಾಗಿ ಕೊಡಬೇಕು. ಗುಂಡಿಗಳು ಒಡೆಯುತ್ತಿದ್ದವು. ಗಾಣದ ಮುಂದೆ ಕುಳಿತವನ ಭಯವೂ ಇತ್ತು: ಬಟ್ಟೆಯ ಜೊತೆಗೆ ಬೆರಳು, ಬೆರಳಿನ ಹಿಂದೆ ತೋಳು ಉರುಳೆಗೆ ಸಿಕ್ಕಿ ಹಾನಿಯಾದ ಪ್ರಸಂಗಗಳು, ಅದರಲ್ಲಿಯೂ ಮಕ್ಕಳ ವಿಷಯದಲ್ಲಿ, ಅನೇಕ. ಆದರೂ ಈ ಬಗೆಯ ಯಂತ್ರ ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ, ಮೇಟ್ಯಾಗ್ ಕಂಪನಿ ಅದರ ತಯಾರಿಕೆಯನ್ನು ನಿಲ್ಲಿಸಿದ್ದು ೧೯೮೩ರಲ್ಲಿ.

ಉರುಳೆಯನ್ನು ಬಿಟ್ಟು ಬರಿಯ ಸುತ್ತುವಿಕೆಯಿಂದಲೇ ಬಟ್ಟೆಯನ್ನು ಹಿಂಡಬಹುದೆಂಬ ಉಪಾಯ ಇಲ್ಲಿ ಕೈಹಿಡಿಯಿತು. ಇದು ಹೇಗೆ? ಮಳೆಯಲ್ಲಿ ನೆನೆದು ಬಂದ ಛತ್ರಿಯ ಹಿಡಿಯನ್ನು ನೀವು ಗಿರ್ರನೆ ತಿರುಗಿಸಿದ್ದುಂಟಷ್ಟೆ. ಹನಿಗಳು ಸುತ್ತ ಸಿಡಿಯುತ್ತವೆ. ಅವನ್ನು ಹೊರಕ್ಕೆ ಎಳೆದವರು ಯಾರೂ ಇಲ್ಲ. ಚಲಿಸುವ ವಸ್ತುವಿಗೆ ನೇರವಾಗಿ ಹೋಗುವುದೇ ಸ್ವಭಾವ. ಛತ್ರಿಯ ಬಟ್ಟೆ ಕಡ್ಡಿಗೆ ಕಟ್ಟುಬಿದ್ದು ಸುತ್ತುತ್ತದೆ. ಹನಿಗೆ ಆ ಕಟ್ಟಿಲ್ಲ, ಅಂಚಿನಿಂದ ನೆಟ್ಟಗೆ ಹಾರಿಹೋಗುತ್ತದೆ. ಯಂತ್ರದ ಒಳಗೂ ಇದೇ ನ್ಯಾಯ. ತೂತುಗಳುಳ್ಳ ಪಾತ್ರೆ ಸುತ್ತುತ್ತದೆ. ಬಟ್ಟೆಯನ್ನು ಗೋಡೆ ತಡೆಯುತ್ತದೆ. ನೀರಿಗೆ ತೂತು ದಾರಿ ಬಿಡುತ್ತದೆ.

ಈಗ ಸ್ವಲ್ಪ ಲೆಕ್ಕ. ಪಾತ್ರೆಯ ನಡುವಿನಿಂದ ಗೋಡೆಗೆ ೨೫ ಸೆಂಟಿಮೀಟರ್ ದೂರವೆಂದು ಇಟ್ಟುಕೊಳ್ಳಿ. ನಿಮಿಷಕ್ಕೆ ೫೦೦ ಸುತ್ತು ತಿರುಗಿದರೆ ಬಟ್ಟೆಯೊಳಗಿನ ಪ್ರತಿಯೊಂದು ಹನಿಯೂ ತನ್ನ ತೂಕದ ಸುಮಾರು ೭೦ ಪಟ್ಟು ಬಲದಿಂದ ಗೋಡೆಯ ಕಡೆಗೆ ಒತ್ತುತ್ತದೆ. ವೇಗವನ್ನು ಇಮ್ಮಡಿ ಮಾಡಿ ೧,೦೦೦ ಸುತ್ತಿಗೆ ಏರಿಸಿದರೆ ಬಲ ಇಮ್ಮಡಿಯಲ್ಲ, ನಾಲ್ಮಡಿ, ಅಂದರೆ ಸುಮಾರು ೨೮೦ ಪಟ್ಟು. ಯಾವ ಮಣಿಕಟ್ಟು ಇದಕ್ಕೆ ಸಮನಾದೀತು?

ಇಲ್ಲಿ ನಮ್ಮ ನುಡಿಯ ಒಂದು ಸೊಗಸನ್ನು ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಕಡೆ ‘ಒಗೆ’ ಎಂದರೆ ಬಟ್ಟೆಯನ್ನು ಶುಚಿಮಾಡುವುದು. ಹುಬ್ಬಳ್ಳಿ ಧಾರವಾಡಗಳ ಕಡೆ ‘ಕಲ್ಲು ಒಗೆದ’ ಎಂದರೆ ಕಲ್ಲು ಎಸೆದ ಎಂದು ಅರ್ಥ. ಈ ಯಂತ್ರ ಎರಡು ಸೀಮೆಯ ಅರ್ಥವನ್ನೂ ಒಂದಾಗಿಸಿದೆ. ಮೊದಲು ಬಟ್ಟೆಯನ್ನು ಒಗೆಯುತ್ತದೆ. ಆಮೇಲೆ ನೀರನ್ನು ಒಗೆಯುತ್ತದೆ.

ಆದರೆ ಇಷ್ಟು ಬಲವನ್ನು ಮನೆಯೊಳಗೆ ಕಟ್ಟಿಹಾಕುವುದು ಸುಲಭವಾಗಿರಲಿಲ್ಲ. ೧೯೩೭ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿಯವರು ಒಗೆದು, ಜಾಲಿಸಿ, ಹಿಂಡುವವರೆಗೆ ಎಲ್ಲವನ್ನೂ ತಾನೇ ಮಾಡುವ ಯಂತ್ರವನ್ನು ಹೊರತಂದಾಗ, ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಇಲ್ಲವಾದರೆ ಯಂತ್ರವೇ ಅಡುಗೆಮನೆಯ ತುಂಬ ನಡೆದಾಡುತ್ತಿತ್ತು. ಬಟ್ಟೆ ಒಂದು ಪಕ್ಕಕ್ಕೆ ಗುಡ್ಡೆಯಾಗಿ ಕುಳಿತರೆ ಅರ್ಧ ಕಿಲೋ ಹೆಚ್ಚು ಭಾರವೂ ಆ ವೇಗದಲ್ಲಿ ನೂರಾರು ಪಟ್ಟಾಗಿ ಯಂತ್ರವನ್ನು ಎಳೆದಾಡುತ್ತದೆ.

ಮುಂದೆ ಬಂದವರು ಪಾತ್ರೆಯನ್ನು ಸ್ಪ್ರಿಂಗುಗಳ ಮೇಲೆ ತೂಗಿಬಿಟ್ಟರು. ಕೆಲವು ಯಂತ್ರಗಳೊಳಗೆ ಕಾಂಕ್ರೀಟಿನ ಭಾರವನ್ನು ಇಟ್ಟರು. ಸ್ಪ್ರಿಂಗಿನ ಮೇಲೆ ನಿಂತ ವಸ್ತುವಿಗೆ, ಜೋಕಾಲಿಗೆ ಇರುವಂತೆ, ತನ್ನದೇ ಆದ ತೂಗಾಟದ ಲಯವೊಂದಿರುತ್ತದೆ. ಜೋಕಾಲಿಯ ಲಯಕ್ಕೆ ಸರಿಯಾಗಿ ನೂಕಿದರೆ ಅದು ಮೇಲೆ ಮೇಲೆ ಏರುತ್ತದಲ್ಲವೆ? ಹಾಗೆಯೇ ಸುತ್ತುವ ವೇಗ ಏರುತ್ತ ಆ ಲಯವನ್ನು ಮುಟ್ಟಿದಾಗ ಯಂತ್ರ ಧಡಧಡನೆ ಅದುರುತ್ತದೆ. ವೇಗ ಅದನ್ನು ದಾಟಿದೊಡನೆ ಅದುರು ಅಡಗಿ, ಒಂದೇ ಶ್ರುತಿಯ ಗುಂಯ್‌ಗಾನ ಉಳಿಯುತ್ತದೆ.

ರಸಿಕರು ಕಾಯುವುದು ಈ ಗಳಿಗೆಯನ್ನೇ. ಕ್ರಮವನ್ನು ಕೇಳಿ: ಗಡಿಯಾರದಂಥ ಗುಂಡಿಯ ಟಿಕ್ ಟಿಕ್, ಒಮ್ಮೆ ಕಟಕ್ಕೆಂಬ ಸದ್ದು, ಕಂಬ ನಿಲ್ಲುತ್ತದೆ, ಕೊಳವೆಯಲ್ಲಿ ನೀರು ಗೊಳಗೊಳನೆ ಇಳಿಯುತ್ತದೆ, ಪಾತ್ರೆ ಮೆಲ್ಲಗೆ ಹೊರಡುತ್ತದೆ, ಅದುರುತ್ತದೆ, ಸಮಾಧಾನಗೊಂಡು ಸ್ವರ ಏರುತ್ತದೆ, ಕೊನೆಗೆ ಬ್ರೇಕು ಬಿದ್ದು ಮೌನ. ವಿಲಂಬದಿಂದ ದ್ರುತಕ್ಕೆ ಏರುವ ಗಾಯನವನ್ನು ಕೇಳಿ ಬಲ್ಲ ನಿಮಗೆ ಇದರಲ್ಲಿ ಏನು ರುಚಿಯೆಂದು ನಾನು ಹೇಳಬೇಕಾಗಿಲ್ಲ.

ಅವರು ಬಹುವಾಗಿ ಮೆಚ್ಚುವ ಯಂತ್ರಗಳಲ್ಲಿ ಒಂದು, ಜನರಲ್ ಮೋಟಾರ್ಸ್ ಕಂಪನಿಯ ಫ್ರಿಜಿಡೇರ್ ವಿಭಾಗದವರು ೧೯೪೭ರಲ್ಲಿ ಆರಂಭಿಸಿದ ಮಾದರಿ. ಅದರೊಳಗಿನ ಕಂಬ ಕಡಗೋಲಿನಂತೆ ತಿರುಗುವುದಿಲ್ಲ. ಒನಕೆಯಂತೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪಾತ್ರೆಯ ಗೋಡೆಗೆ ಸುತ್ತಲೂ ತೂತುಗಳಿಲ್ಲ. ಹಾಗಾದರೆ ನೀರು ಹೋಗುವುದೆಲ್ಲಿಗೆ? ಹುರಿಗೊಂಡ ಹಗ್ಗಕ್ಕೆ ತೂಗಿದ ನೀರಿನ ಪಾತ್ರೆಯನ್ನು ಸುತ್ತಲು ಬಿಟ್ಟರೆ ನಡುವೆ ನೀರು ತಗ್ಗಿ, ಅಂಚಿನಲ್ಲಿ ಏರುತ್ತದೆಂದು ನ್ಯೂಟನ್ ಮಹಾಶಯನು ೧೬೮೭ರ ತನ್ನ ಗ್ರಂಥದಲ್ಲಿ ಬರೆದನು. ಇಲ್ಲಿಯೂ ನೀರು ಗೋಡೆ ಹತ್ತಿ, ಮೇಲಿನ ಅಂಚಿನಿಂದ ಹೊರಕ್ಕೆ ಚೆಲ್ಲುತ್ತದೆ. ನ್ಯೂಟನ್ನನ ಪಾತ್ರೆಯನ್ನು ನಿಮಿಷಕ್ಕೆ ೧,೧೪೦ ಸುತ್ತಿನ ವೇಗದಲ್ಲಿ ಅಡುಗೆಮನೆಗೆ ತಂದರೆಂದರೂ ಸಲ್ಲುತ್ತದೆ. ೧೯೭೯ರಲ್ಲಿ ಜನರಲ್ ಮೋಟಾರ್ಸ್‌ನವರು ಈ ವಿಭಾಗವನ್ನೇ ಮಾರಿದರು.

ಬ್ರಿಟನ್ನಿನ ಕಥೆ ಬೇರೆ. ವೇಲ್ಸ್ ಸೀಮೆಯ ಮರ್ಥರ್ ಟಿಡ್ವಿಲ್ ಎಂಬ ಊರಿನಲ್ಲಿ ಹೂವರ್ ಕಂಪನಿಯ ಕಾರ್ಖಾನೆ ೧೯೪೮ರಲ್ಲಿ ತೆರೆಯಿತು; ೨೦೦೯ರಲ್ಲಿ ಅಲ್ಲಿ ಯಂತ್ರಗಳ ತಯಾರಿಕೆ ನಿಂತಿತು. ಅಲ್ಲಿನ ಚಿಕ್ಕ ಅಡುಗೆಮನೆಗಳಿಗೆ ಒಪ್ಪಿದ್ದು ಜೋಡಿ ಪಾತ್ರೆಯ ಯಂತ್ರ: ಒಂದು ಕಡೆ ಒಗೆಯುವುದು, ಇನ್ನೊಂದು ಕಡೆ ಹಿಂಡುವುದು. ನಡುವೆ ಬಟ್ಟೆಯನ್ನು ಕೈಯಿಂದಲೇ ವರ್ಗಾಯಿಸಬೇಕು. ಇದು ಎಲ್ಲಿಯೋ ಕಂಡಂತಿದೆಯಲ್ಲ ಎನ್ನುತ್ತೀರಾ? ನಿಮ್ಮ ಬಚ್ಚಲಮನೆಯ ಪಕ್ಕದಲ್ಲಿಯೇ ಇದ್ದೀತು. ನಮ್ಮವರು ‘ಸೆಮಿ ಆಟೋಮ್ಯಾಟಿಕ್’ ಎನ್ನುವುದೂ, ಅದರ ಚಿಕ್ಕ ಪಾತ್ರೆಯನ್ನು ‘ಡ್ರೈಯರ್’ ಎನ್ನುವುದೂ ಇದನ್ನೇ. ಅಲ್ಲಿ ಹವ್ಯಾಸಿಗಳು ಹುಡುಕಿ ತರುವ ಬಗೆ, ಇಲ್ಲಿ ದಿನದಿನವೂ ದುಡಿಯುತ್ತಿದೆ.

ಇಂಥ ಯಂತ್ರಗಳ ಮೇಲಿನ ಪ್ರೀತಿ ಎಷ್ಟು ದೂರ ಹೋದೀತು? ಅಮೆರಿಕದ ಕೊಲರಾಡೋ ಪ್ರಾಂತದ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಎಂಜಿನಿಯರಿಂಗ್ ಪ್ರಾಧ್ಯಾಪಕರು ಸಾವಿರಕ್ಕೂ ಹೆಚ್ಚು ಒಗೆಯುವ ಯಂತ್ರಗಳನ್ನು ಕೂಡಿಸಿ, ಈಟನ್ ಎಂಬ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಹಳೆಯವು ಹೊಸವಕ್ಕಿಂತ ಮೇಲೆಂದು ಅರ್ಥವಲ್ಲ. ಅವು ನೀರನ್ನು ಹೇರಳವಾಗಿ ಕುಡಿಯುತ್ತವೆ. ಇಂದಿನ ಯಂತ್ರಗಳು ಮಿತವಾದ ನೀರಿನಲ್ಲಿ ಕೆಲಸ ಮುಗಿಸುತ್ತವೆ. ಆದರೆ ಹಳೆಯದರ ಮುಚ್ಚಳ ತೆಗೆದರೆ ಹಲ್ಲುಚಕ್ರ, ಪಟ್ಟಿ, ಮೋಟಾರು ಎಲ್ಲವೂ ಕಣ್ಣಿಗೆ ಕಾಣುತ್ತವೆ. ತಿಳಿದವನು ಬಿಚ್ಚಬಹುದು, ಮತ್ತೆ ಕಟ್ಟಬಹುದು. ಕೆಲಸ ಹೇಗೆ ನಡೆಯುತ್ತದೆಂದು ಕಾಣುವುದೂ ಒಂದು ಸಂತೋಷವೇ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದುಂಟು. ಸ್ವೀಡನ್ನಿನ ವೈದ್ಯ ಪ್ರಾಧ್ಯಾಪಕ ಹಾನ್ಸ್ ರೋಸ್ಲಿಂಗ್ ಅವರು ೧೯೪೮ರಲ್ಲಿ ಹುಟ್ಟಿದವರು. ೨೦೧೦ರ ಒಂದು ಉಪನ್ಯಾಸದಲ್ಲಿ ತಮ್ಮ ನಾಲ್ಕನೆಯ ವಯಸ್ಸಿನ ಪ್ರಸಂಗವೊಂದನ್ನು ಹೇಳಿದರು. ಮನೆಗೆ ಮೊದಲ ಒಗೆಯುವ ಯಂತ್ರ ಬಂದ ದಿನ ಅಜ್ಜಿಯನ್ನೂ ಕರೆಸಿದ್ದರು. ಏಳು ಮಕ್ಕಳ ಬಟ್ಟೆಯನ್ನು ಕೈಯಲ್ಲಿ ಒಗೆದ ಅಜ್ಜಿ, ಗುಂಡಿಯನ್ನು ತಾವೇ ಒತ್ತಬೇಕೆಂದು ಹಟ ಹಿಡಿದರು; ಒತ್ತಿದ ಮೇಲೆ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ನೋಡುತ್ತ ಕುಳಿತರು. ಉಳಿದ ಹೊತ್ತಿನಲ್ಲಿ ತಾಯಿ ಮಗುವನ್ನು ಪುಸ್ತಕಭಂಡಾರಕ್ಕೆ ಕರೆದುಕೊಂಡು ಹೋದರು. ಯಂತ್ರಕ್ಕೆ ಬಟ್ಟೆ ಹಾಕಿದರೆ ಹೊರಗೆ ಬರುವುದು ಪುಸ್ತಕ ಎಂಬುದೇ ಆ ಉಪನ್ಯಾಸದ ತಾತ್ಪರ್ಯ.

ಮಡಿವಾಳ ಮಾಚಿದೇವರನ್ನು ಹನ್ನೆರಡನೆಯ ಶತಮಾನದಿಂದಲೂ ಶರಣರೆಂದು ನೆನೆಯುವ ನಾಡು ನಮ್ಮದು. ಆದರೂ ಮನೆಯ ಬಚ್ಚಲಿನಲ್ಲಿ ಸವೆದ ಮಣಿಕಟ್ಟುಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಆ ದುಡಿಮೆಗೆ ಸದ್ದಿರಲಿಲ್ಲ. ಅದನ್ನು ಕುಳಿತು ಕೇಳಿದವರೂ ಇಲ್ಲ. ಅದನ್ನು ತಾನು ವಹಿಸಿಕೊಂಡ ಯಂತ್ರ ಸದ್ದುಮಾಡಿದಾಗ ಕೆಲವರು ಕಿವಿಗೊಟ್ಟರೆ, ಅದನ್ನು ಮರುಳೆನ್ನಲು ನನಗೀಗ ಬಾಯಿ ಬಾರದು.

ನಮ್ಮ ಮನೆಗೆ ಜೋಡಿ ಪಾತ್ರೆಯ ಯಂತ್ರ ಬಂದಾಗ ತಾಯಿಗೆ ಅರವತ್ತು ದಾಟಿತ್ತು. ಅವರು ಅದನ್ನು ನಂಬಲಿಲ್ಲ. ಹಿಂಡುವ ಪಾತ್ರೆ ನಿಂತ ಮೇಲೆ ಸೀರೆಯನ್ನು ಹೊರತೆಗೆದು, ರೂಢಿಯಂತೆ ಎರಡು ಕೈಯಲ್ಲಿ ಹಿಡಿದು ಹುರಿಮಾಡಿದರು. ಒಂದು ತೊಟ್ಟೂ ಬೀಳಲಿಲ್ಲ. ಇನ್ನೊಮ್ಮೆ ಹಿಂಡಿದರು. ಇಲ್ಲ. ಸೀರೆಯನ್ನು ಕೊಡವಿ ಹಗ್ಗದ ಮೇಲೆ ಹರವಿ ಬಂದು, “ಇನ್ನೊಂದು ಸಲ ತಿರುಗಿಸೋ, ನೋಡೋಣ” ಎಂದು ಯಂತ್ರದ ಮುಂದೆ ಮಣೆ ಹಾಕಿಕೊಂಡು ಕುಳಿತರು.