ತುಪ್ಪದಲ್ಲಿ ಟ್ರಾನ್ಸ್ ಕೊಬ್ಬು: ಪ್ರಯೋಗಾಲಯದ ವರದಿಯನ್ನು ಓದುವ ಬಗೆ

ಮಾನ್ವಿ, ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಿಂದ ಎಮ್ಮೆಯ ತುಪ್ಪವನ್ನು ಖರೀದಿಸಿ ರಾಯಚೂರು ನಗರದ ಸಿಹಿತಿಂಡಿ ತಯಾರಕರಿಗೆ ಒದಗಿಸುವ ವರ್ತಕರೊಬ್ಬರು ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರೆಂದು ಇಟ್ಟುಕೊಳ್ಳಬಹುದು. ವರದಿಯಲ್ಲಿ ‘ಒಟ್ಟು ಟ್ರಾನ್ಸ್ ಕೊಬ್ಬಿನಾಮ್ಲ ಶೇ. 3’ ಎಂದು ನಮೂದಾಗಿದೆ. ಮಿತಿ ಶೇ. 2 ಎಂದಷ್ಟೇ ಬಲ್ಲ ಖರೀದಿದಾರರು ಸರಕನ್ನು ಹಿಂದಿರುಗಿಸುತ್ತಾರೆ. ವನಸ್ಪತಿ ಬೆರೆಸಿದ ಅಪವಾದವೂ ವರ್ತಕರ ಹೆಸರಿಗೆ ಅಂಟಿಕೊಳ್ಳುತ್ತದೆ. ವಾಸ್ತವದಲ್ಲಿ ಅದು ಅಪ್ಪಟ ತುಪ್ಪವೇ ಆಗಿರಬಹುದು.

ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಅಪರ್ಯಾಪ್ತ ಕೊಬ್ಬಿನಾಮ್ಲಗಳಿಗೆ ಜಲಜನಕವನ್ನು ಸೇರಿಸುತ್ತವೆ. ಈ ಕ್ರಿಯೆಯ ನಡುವೆ ಉಂಟಾಗುವ ವ್ಯಾಕ್ಸೆನಿಕ್ ಆಮ್ಲವು ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ. ಹೀಗಾಗಿ ಹಾಲಿನ ಕೊಬ್ಬಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 6ರವರೆಗೆ ಟ್ರಾನ್ಸ್ ಕೊಬ್ಬು ಸಹಜವಾಗಿಯೇ ಇರುತ್ತದೆ. ಹಸಿ ಮೇವು ದೊರೆಯುವ ಕಾಲದಲ್ಲಿ ಅದು ಏರುವುದೂ, ಒಣ ಕಣಿಕೆಯ ಬೇಸಿಗೆಯಲ್ಲಿ ಇಳಿಯುವುದೂ ಉಂಟು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ ಹಾಗೂ ಕೊಬ್ಬುಗಳಲ್ಲಿನ ಟ್ರಾನ್ಸ್ ಅಂಶಕ್ಕೆ 2021ರ ಜನವರಿಯಿಂದ ಶೇ. 3, 2022ರ ಜನವರಿಯಿಂದ ಶೇ. 2ರ ಮಿತಿಯನ್ನು ಜಾರಿಗೆ ತಂದಿತು. ಎಣ್ಣೆ, ಕೊಬ್ಬು ಬಳಸಿದ ತಿನಿಸುಗಳಿಗೂ 2022ರಿಂದ ಇದೇ ಮಿತಿ ಅನ್ವಯಿಸುತ್ತದೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಕೈಗಾರಿಕಾ ಮೂಲದ ಟ್ರಾನ್ಸ್ ಕೊಬ್ಬು ಮಾತ್ರ. 2003ರಲ್ಲಿಯೇ ಮಿತಿ ಹೇರಿದ ಡೆನ್ಮಾರ್ಕ್ ಕೂಡ ಹಾಲಿನ ಸಹಜ ಅಂಶವನ್ನು ಹೊರಗಿಟ್ಟಿತ್ತು.

ಎರಡನ್ನೂ ಬೇರ್ಪಡಿಸಲು ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ಮುಖ್ಯ ಸಾಧನ. ಮೊದಲು ಕೊಬ್ಬನ್ನು ಕ್ಷಾರ ಮತ್ತು ಮೆಥನಾಲ್‌ಗಳೊಡನೆ ವರ್ತಿಸುವಂತೆ ಮಾಡಿ, ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರುಗಳನ್ನಾಗಿ ಪರಿವರ್ತಿಸಲಾಗುತ್ತದೆ. ಹಾಲಿನ ಕೊಬ್ಬಿನ ವಿಶಿಷ್ಟ ಗುರುತಾದ ಬ್ಯುಟಿರಿಕ್ ಆಮ್ಲದ ಎಸ್ಟರು ಬಹುಬೇಗ ಹಾರಿಹೋಗುವುದರಿಂದ ಈ ಹಂತದಲ್ಲಿ ಅಜಾಗರೂಕತೆ ಸಲ್ಲದು. ಅನಂತರ ಮಾದರಿಯು ಕೂದಲೆಳೆಯಷ್ಟು ಸಣ್ಣ ರಂಧ್ರದ, 100 ಮೀಟರ್ ಉದ್ದದ ಕೊಳವೆಯಲ್ಲಿ ಅನಿಲದೊಡನೆ ಸಾಗುತ್ತದೆ. ಒಂದೊಂದು ಎಸ್ಟರೂ ಬೇರೆ ಬೇರೆ ಸಮಯಕ್ಕೆ ಹೊರಬಂದು ಜ್ವಾಲಾ ಶೋಧಕದಲ್ಲಿ ಉರಿದು, ಕಾಗದದ ಮೇಲೆ ಒಂದು ಶಿಖರವಾಗಿ ಮೂಡುತ್ತದೆ. ಶಿಖರದ ವಿಸ್ತೀರ್ಣವೇ ಪ್ರಮಾಣ. ಕಡಿಮೆ ಉದ್ದದ ಕೊಳವೆಯಲ್ಲಿ ಟ್ರಾನ್ಸ್ ಶಿಖರಗಳು ಒಂದರ ಮೇಲೊಂದು ಬೀಳುತ್ತವೆ. 100 ಮೀಟರಿನ ಕೊಳವೆಯಲ್ಲಿಯೂ ಕೆಲವು ಟ್ರಾನ್ಸ್ ರೂಪಗಳು ಓಲಿಯಿಕ್ ಆಮ್ಲದ ದೊಡ್ಡ ಶಿಖರದಲ್ಲಿ ಮರೆಯಾಗುತ್ತವೆ. ಅವನ್ನು ಬಿಡಿಸಬೇಕಾದರೆ ಬೆಳ್ಳಿಯ ಅಯಾನು ಲೇಪಿಸಿದ ಫಲಕದಲ್ಲಿ ಮೊದಲೇ ವಿಂಗಡಿಸಬೇಕಾಗುತ್ತದೆ. ದುಬಾರಿ ಕೆಲಸ, ಆದುದರಿಂದ ಎಲ್ಲ ಕಡೆಯೂ ಮಾಡುವುದಿಲ್ಲ.

ಶಿಖರಗಳ ಹಂಚಿಕೆಯನ್ನು ನೋಡಿದರೆ ಮೂಲದ ಸುಳಿವು ಸಿಗುತ್ತದೆ. ಹಾಲಿನ ಕೊಬ್ಬಿನಲ್ಲಿ ಸಾಮಾನ್ಯವಾಗಿ ವ್ಯಾಕ್ಸೆನಿಕ್ ಶಿಖರವೇ ಎದ್ದು ಕಾಣುತ್ತದೆ. ಭಾಗಶಃ ಜಲಜನಕೀಕರಿಸಿದ ವನಸ್ಪತಿಯಲ್ಲಾದರೋ ಎಲೈಡಿಕ್ ಆಮ್ಲವೂ ಅದರ ನೆರೆಯ ರೂಪಗಳೂ ಹರಡಿಕೊಂಡಿರುತ್ತವೆ.

ತುಪ್ಪ, ವನಸ್ಪತಿ ಎರಡನ್ನೂ ಬಳಸಿದ ಸಿಹಿತಿಂಡಿಗೆ ಬ್ಯುಟಿರಿಕ್ ಆಮ್ಲವೇ ಆಸರೆ. ಅಂಗಡಿಯ ತುಪ್ಪದಲ್ಲಿ ಅದು ಶೇ. 3.5 ಇದ್ದು, ತಿಂಡಿಯ ಕೊಬ್ಬಿನಲ್ಲಿ ಶೇ. 1.75 ಕಂಡುಬಂದರೆ ಅರ್ಧದಷ್ಟು ಹಾಲಿನ ಕೊಬ್ಬು ಎಂದರ್ಥ. ತುಪ್ಪದ ಟ್ರಾನ್ಸ್ ಅಂಶ ಶೇ. 3 ಆಗಿದ್ದರೆ ಅದರಿಂದ ಬಂದ ಪಾಲು 1.5. ತಿಂಡಿಯ ಕೊಬ್ಬಿನಲ್ಲಿ ಒಟ್ಟು ಶೇ. 3 ಇದ್ದರೂ ಕೈಗಾರಿಕಾ ಪಾಲು 1.5 ಮಾತ್ರ, ಮಿತಿಯೊಳಗೇ ಉಳಿಯುತ್ತದೆ.

ಈ ಲೆಕ್ಕಕ್ಕೆ ಪುಸ್ತಕದ ಸರಾಸರಿಯನ್ನು ಹಿಡಿಯಬಾರದು. ಹತ್ತಿ ಬೆಳೆಯುವ ಈ ಸೀಮೆಯಲ್ಲಿ ಎಮ್ಮೆಗಳಿಗೆ ಹತ್ತಿಕಾಳು, ಹಿಂಡಿ ತಿನ್ನಿಸಿದಾಗ ತುಪ್ಪದ ರೈಕರ್ಟ್-ಮೈಸಲ್ ಮೌಲ್ಯ ಇಳಿಯುತ್ತದೆ. ಟ್ರಾನ್ಸ್ ಅಂಶ ಏರಬಹುದು. ಹತ್ತಿ ಎಣ್ಣೆಯ ಕಲಬೆರಕೆಯನ್ನು ಗುರುತಿಸುವ ಹಾಲ್ಫೆನ್ ಪರೀಕ್ಷೆಗೂ ಇಂತಹ ಅಪ್ಪಟ ತುಪ್ಪ ಬಣ್ಣ ತೋರಿಸಬಲ್ಲದು. ಸೌರಾಷ್ಟ್ರದಂತಹ ಹತ್ತಿ ಪ್ರದೇಶಗಳ ತುಪ್ಪಕ್ಕೆ ಹಿಂದಿನ ಕಲಬೆರಕೆ ತಡೆ ನಿಯಮಗಳಲ್ಲಿ ಪ್ರತ್ಯೇಕ ಮಾನಕವಿದ್ದುದು ಈ ಕಾರಣದಿಂದಲೇ.

ಆದುದರಿಂದ ವರ್ತಕರು ತಿಂಡಿಯ ಮಾದರಿಯೊಡನೆ ಅದಕ್ಕೆ ಬಳಸಿದ ತುಪ್ಪದ ಮಾದರಿಯನ್ನೂ ಕಳುಹಿಸುವುದು ಲೇಸು. ಕೊಳವೆಯ ಉದ್ದ, ವ್ಯಾಕ್ಸೆನಿಕ್, ಎಲೈಡಿಕ್ ಮತ್ತು ಬ್ಯುಟಿರಿಕ್ ಆಮ್ಲಗಳ ಪ್ರತ್ಯೇಕ ಅಂಕಿಗಳು ವರದಿಯಲ್ಲಿ ಇರಬೇಕೆಂದು ಶುಲ್ಕ ಕಟ್ಟುವ ಮುನ್ನವೇ ಬರಹದಲ್ಲಿ ಕೇಳಿಕೊಳ್ಳತಕ್ಕದ್ದು.