ಹಾಕಿ ಲೀಗ್‌ನಲ್ಲಿ ನಮ್ಮ ಟೀಮ್ ಯಾವುದ್ರೀ?

2025ರ ಫೆಬ್ರವರಿ 1, ಒಡಿಶಾದ ರೂರ್ಕೆಲಾ. ಹಾಕಿ ಇಂಡಿಯಾ ಲೀಗ್ ಪುರುಷರ ಫೈನಲ್‌ನಲ್ಲಿ ಬೆಂಗಾಲ್ ಟೈಗರ್ಸ್ 4, ಹೈದರಾಬಾದ್ ತೂಫಾನ್ಸ್ 3. ಜುಗರಾಜ್ ಸಿಂಗ್ ಹ್ಯಾಟ್ರಿಕ್ ಹೊಡೆದ್ರು. 2017ರ ನಂತರ ನಿಂತೇ ಹೋಗಿದ್ದ ಲೀಗ್ ಮತ್ತೆ ಶುರುವಾದ ಸೀಸನ್ ಅದು.

ಆ ಸೀಸನ್‌ನಲ್ಲಿ ಆಡಿದ್ದು ಎಂಟು ತಂಡ. ಪಕ್ಕದ ಹೈದರಾಬಾದ್ ಇತ್ತು, ತಮಿಳುನಾಡು ಇತ್ತು. ಕರ್ನಾಟಕ? ಇರಲಿಲ್ಲ. 2013ರಿಂದ 2017ರವರೆಗೆ ನಡೆದ ಮೊದಲ ಐದು ಸೀಸನ್‌ಗಳಲ್ಲೂ ಇರಲಿಲ್ಲ. ಐಪಿಎಲ್‌ನಲ್ಲಿ ಆರ್‌ಸಿಬಿ, ಕಬಡ್ಡಿಯಲ್ಲಿ ಬುಲ್ಸ್, ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಅಂತ ಕುಣಿಯೋ ನಾವು ಹಾಕಿ ಬಂದಾಗ ಯಾರಿಗೆ ಜೈ ಅನ್ನಬೇಕು?

ಇದ್ದಾಗ ಗೆದ್ದಿದ್ದೆವು

ನಮಗೆ ತಂಡವೇ ಇರಲಿಲ್ಲ ಅಂತಲ್ಲ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಐಪಿಎಲ್ ಇನ್ನೂ ಹುಟ್ಟಿರಲಿಲ್ಲ. ಆಟವನ್ನ ನಾಲ್ಕು ಕ್ವಾರ್ಟರ್ ಮಾಡಿ, ಟೈಮ್ ಔಟ್ ಕೊಟ್ಟು, ಟಿವಿಗೆ ಹೊಂದೋ ಹಾಗೆ ತಯಾರು ಮಾಡಿದ ಲೀಗ್ ಅದು. 2006ರಲ್ಲಿ ಬೆಂಗಳೂರು ಲಯನ್ಸ್ ಗೆದ್ದಿತು. 2008ರಲ್ಲಿ ಅದೇ ತಂಡ ಬೆಂಗಳೂರು ಹೈ-ಫ್ಲೈಯರ್ಸ್ ಅನ್ನೋ ಹೆಸರಲ್ಲಿ ಮತ್ತೆ ಗೆದ್ದಿತು. ನಾಲ್ಕು ಸೀಸನ್‌ನಲ್ಲಿ ಎರಡು ಕಪ್ ನಮ್ಮವು! ಅದೇ ವರ್ಷ ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೀಲಿಲ್ಲ, ಹಾಕಿ ಆಡಳಿತದಲ್ಲಿ ದೊಡ್ಡ ಗದ್ದಲ ಆಯ್ತು, ಲೀಗ್ ಮುಚ್ಚಿತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು. ಅದು ಒಂದೇ ಸೀಸನ್‌ಗೆ ನಿಂತಿತು.

ಹಾಕಿ ಇಂಡಿಯಾ ಲೀಗ್ ಬರೋ ಹೊತ್ತಿಗೆ ನಮ್ಮ ಆಟಗಾರರು ಇದ್ದರು, ತಂಡ ಇರಲಿಲ್ಲ. ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ 76,000 ಡಾಲರ್‌ಗೆ ಹೋದರು. ಸರ್ದಾರ್ ಸಿಂಗ್ ಬಿಟ್ಟರೆ ಅದೇ ದೊಡ್ಡ ಮೊತ್ತ. ಆದರೆ ಹೋಗಿದ್ದು ಉತ್ತರ ಪ್ರದೇಶದ ತಂಡಕ್ಕೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ಪರ ಓಡಿದರು. ಪ್ರತಿಭೆ ನಮ್ಮದು, ಜೆರ್ಸಿ ಬೇರೆಯವರದು.

ತಂಡ ಹುಟ್ಟೋದು ಹೇಗೆ?

ಇಲ್ಲಿ ರಾಜ್ಯದ ಹೆಸರು ತಾನಾಗಿ ಬರೋದಿಲ್ಲ. ಯಾರಾದರೂ ಮಾಲೀಕರು ದುಡ್ಡು ಹಾಕಿ ಫ್ರಾಂಚೈಸಿ ತಗೋಬೇಕು. 2024ರ ಹರಾಜಿನಲ್ಲಿ ಒಂದೊಂದು ತಂಡದ ಪರ್ಸ್ 4 ಕೋಟಿ. ತಂಡಕ್ಕೆ 24 ಆಟಗಾರರು: 16 ಭಾರತೀಯರು, 8 ವಿದೇಶಿಯರು. ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಸೂರ್ಮಾ ಕ್ಲಬ್‌ಗೆ ಹೋದರು. ಸೂರ್ಮಾ ಯಾರದು ಗೊತ್ತಾ? ಜೆಎಸ್‌ಡಬ್ಲ್ಯೂ ಸ್ಪೋರ್ಟ್ಸ್‌ದು. ಅವರದೇ ಗುಂಪಿನ ಉಕ್ಕಿನ ಕಾರ್ಖಾನೆ ನಮ್ಮ ಬಳ್ಳಾರಿಯಲ್ಲಿದೆ, ಬೆಂಗಳೂರು ಎಫ್‌ಸಿಯೂ ಅವರದೇ. ಹಾಕಿಗೆ ಬಂದಾಗ ಮಾತ್ರ ಅವರು ಪಂಜಾಬ್, ಹರಿಯಾಣದ ಕಡೆ ಹೋದರು. ತಪ್ಪೇನಿಲ್ಲ, ಜನ ಎಲ್ಲಿ ಹಾಕಿ ನೋಡ್ತಾರೋ ದುಡ್ಡೂ ಅಲ್ಲಿಗೇ ಹೋಗುತ್ತೆ.

ಒಡಿಶಾ ಇದನ್ನ ತಿರುಗುಮುರುಗು ಮಾಡಿ ತೋರಿಸಿತು. 2018ರಿಂದ ಅಲ್ಲಿನ ಸರ್ಕಾರವೇ ಭಾರತ ತಂಡದ ಪ್ರಾಯೋಜಕ. ಸುಂದರಗಢ ಜಿಲ್ಲೆಯ 17 ಬ್ಲಾಕ್‌ಗಳಿಗೂ ಟರ್ಫ್ ಹಾಕೋ ಯೋಜನೆ ಕೈಗೆತ್ತಿಕೊಂಡಿತು. ಮೈದಾನ ಮೊದಲು, ಆಟಗಾರ ಆಮೇಲೆ, ದೊಡ್ಡ ಲೀಗ್ ಅದರ ಹಿಂದೆ. ನಮ್ಮ ಕೊಡಗಿನಲ್ಲಂತೂ ಸರ್ಕಾರಕ್ಕೂ ಕಾಯಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬ ಹಾಕಿಯಲ್ಲಿ 2024ಕ್ಕೆ 360 ಕುಟುಂಬಗಳ ತಂಡ ಇಳಿದವು.

ಗೋಕಾಕ, ಮೂಡಲಗಿ, ಹುಕ್ಕೇರಿ ಹುಡುಗನಿಗೆ ಏನು?

ಇನ್ನು ನಮ್ಮ ಕಡೆ ಬರೋಣ. ಜಾತ್ರಿ ಬಂದ್ರ ಕುಸ್ತಿ, ಕಬಡ್ಡಿ; ಉಳಿದ ದಿನ ಟೆನಿಸ್ ಬಾಲ್ ಕ್ರಿಕೆಟ್. ಹಾಕಿ ಸ್ಟಿಕ್ ಹಿಡಿದ ಹುಡುಗ ಕಂಡರೆ "ಇದೇನ್ ಹಿಡಕೊಂಡ ಬಂದಿ ತಮ್ಮಾ" ಅಂತ ಕೇಳೋರೇ ಹೆಚ್ಚು. ಹಾಗಂತ ಹಾಕಿ ನಮಗೆ ಪರದೇಶಿ ಆಟ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನವನ್ನ 1-0 ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು.

ಆ ಕಾಲದಲ್ಲಿ ಒಲಿಂಪಿಕ್ಸ್ ಕೂಡ ಹುಲ್ಲಿನ ಮೇಲೇ ನಡೀತಿತ್ತು. 1976ರ ಮಾಂಟ್ರಿಯಲ್‌ನಿಂದ ಕೃತಕ ಟರ್ಫ್ ಬಂತು, ಆಟವೇ ಬೇರೆ ಆಯ್ತು. ಮಣ್ಣಿನ ಮೇಲೆ ಚೆಂಡು ಎಲ್ಲಿ ಪುಟಿಯುತ್ತೋ ಗೊತ್ತಾಗಲ್ಲ, ಟರ್ಫ್ ಮೇಲೆ ನೇರವಾಗಿ, ಜೋರಾಗಿ ಬರುತ್ತೆ. ಶಾಲೆಯ ಮಣ್ಣಿನ ಮೈದಾನದಲ್ಲಿ ಕಲಿತ ಹುಡುಗ ಟರ್ಫ್ ಮೇಲಿನ ಟ್ರಯಲ್ಸ್‌ಗೆ ಹೋದರೆ ಮೊದಲ ಹತ್ತು ನಿಮಿಷ ಚೆಂಡು ನಿಲ್ಲಿಸೋಕೇ ಒದ್ದಾಡ್ತಾನೆ. ಆಯ್ಕೆ ಮಾಡೋರು ಆ ಹತ್ತು ನಿಮಿಷ ನೋಡಿಯೇ ತೀರ್ಮಾನ ಮಾಡಿಬಿಟ್ಟಿರ್ತಾರೆ.

ಇದಕ್ಕೆ ಪೂರ್ತಿ ಅಳತೆಯ ಮೈದಾನವೇ ಬೇಕು ಅಂತಿಲ್ಲ. ಐದೈದು ಜನ ಆಡೋ ಹಾಕಿ ಫೈವ್ಸ್‌ಗೆ ಮೈದಾನದ ಉದ್ದವೂ ಅಗಲವೂ ಹೆಚ್ಚುಕಮ್ಮಿ ಅರ್ಧ ಸಾಕು. ಈ ಮಾದರಿಯ ಮೊದಲ ವಿಶ್ವಕಪ್ 2024ರ ಜನವರಿಯಲ್ಲಿ ಮಸ್ಕತ್‌ನಲ್ಲಿ ನಡೆದಿದೆ. ಮೂರು ತಾಲ್ಲೂಕಿಗೆ ಸೇರಿ ಇಂಥದ್ದೊಂದು ಸಣ್ಣ ಟರ್ಫ್ ಸಿಕ್ಕರೂ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಶಾಲಾ ಕ್ರೀಡಾಕೂಟದ ಮೆಟ್ಟಿಲು ಹತ್ತೋಕೆ, ಕ್ರೀಡಾ ಇಲಾಖೆ ಹಾಸ್ಟೆಲ್ ಟ್ರಯಲ್ಸ್‌ಗೆ ಹೋಗೋಕೆ ಧೈರ್ಯ ಬರುತ್ತೆ.

ಮುಂದೊಂದು ದಿನ ಕರ್ನಾಟಕದ ಹೆಸರಲ್ಲಿ ತಂಡ ಬಂದರೂ ಹರಾಜಿನಲ್ಲಿ ಮಾಲೀಕರು ಯಾರನ್ನಾದರೂ ಕೊಳ್ಳಬಹುದು, ನಮ್ಮೂರಿನವರನ್ನೇ ತಗೋಬೇಕು ಅನ್ನೋ ನಿಯಮ ಇಲ್ಲ. ಆದರೆ 2024ರಲ್ಲಿ ಪ್ರತಿ ತಂಡಕ್ಕೂ ಕನಿಷ್ಠ ನಾಲ್ಕು ಜೂನಿಯರ್‌ಗಳು ಕಡ್ಡಾಯವಾಗಿದ್ದರು. ಎಂಟು ತಂಡಕ್ಕೆ 32 ಜಾಗ. ಅತಿ ಕಡಿಮೆ ಮೂಲಬೆಲೆಯೇ 2 ಲಕ್ಷ. ರೈತನ ಮನೆ ಹುಡುಗನಿಗೆ ಅದು ಸಣ್ಣ ದುಡ್ಡಲ್ಲ.

ನಾವು ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು ಓದಿದ ಶಾಲೆಗೆ ಏನಾದರೂ ಕೊಡಬೇಕು ಅಂದಾಗ ಪ್ರೊಜೆಕ್ಟರ್, ಕಂಪ್ಯೂಟರ್ ಅಂತೀವಿ. ಈ ಸಲ ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಒಂದು ಮಾತು ಹಾಕಿ ನೋಡ್ರಿ: ಹನ್ನೆರಡು ಸ್ಟಿಕ್, ಗೋಲ್‌ಕೀಪರ್‌ಗೆ ಒಂದು ಸೆಟ್ ಪ್ಯಾಡ್. ಪಿಟಿ ಮೇಷ್ಟ್ರು ಬೇಡ ಅನ್ನಲಿಕ್ಕಿಲ್ಲ.